ಏನೂ ಕಾಣದ ಚಿತ್ರ

ಅಕ್ಕಾ,

ಕ್ಷೇಮ ಗೀಮ ಅಂತೆಲ್ಲ ಬರೆಯಲ್ಲ. ನೀನು ಸತ್ತು ವರ್ಷವಾಯ್ತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಇವತ್ತು ಊಟಕ್ಕೆ ಏಳಬೇಕು ಅನ್ನುವಾಗ ಉಪಗ್ರಹದಿಂದ ಸುದ್ದಿ ಬಂತು, ಎಲ್ಲೋ ನಕ್ಷತ್ರವೊಂದು ಸತ್ತು ಗಾಮಾ ಕಿರಣಗಳ ಸ್ಫೋಟ ಆಗಿದೆ ಅಂತ. ಭೂಮಿಯ ಆ ಬದಿಯಲ್ಲಿರೋ ನಮ್ಮ ದೂರದರ್ಶಕವನ್ನು ಇಲ್ಲಿಂದಲೇ ತಿರುಗಿಸಿದೆ. ಚಿತ್ರದಲ್ಲಿ ಬರೀ ಕತ್ತಲೆ. ನಿನ್ನ ಕುರ್ಚಿಗೆ ಬಂದು ಕೂತಿರೋ ಮಹಾಶಯ, ಸದಾ ಟೈಮ್ ನೋಡ್ತಾನೆ ಅಂತ ನಾವು ಅವನಿಗೆ ‘ಗಡಿಯಾರ’ ಅಂತೀವಿ, “ಏನೂ ಇಲ್ಲ, ಬಿಡಿ, ದೂರದರ್ಶಕಕ್ಕೆ ಬೇರೆಯವರು ಕಾಯ್ತಿದಾರೆ” ಅಂದ. ನನಗೆ ಮೈಯೆಲ್ಲ ಉರಿದುಹೋಯ್ತು.

“ಕಾಣದಿದ್ದರೆ ಅದು ತುಂಬಾ ದೂರದ್ದಿರಬಹುದು! ಅಷ್ಟು ದೂರದ ಬೆಳಕು ಇಲ್ಲಿಗೆ ಬರೋ ಹೊತ್ತಿಗೆ ಕಣ್ಣಿಗೆ ಕಾಣದ ಅವಕೆಂಪಾಗಿರುತ್ತೆ, ಅದನ್ನು ಹಿಡಿಯೋ ಕ್ಯಾಮೆರಾ ಹಾಕಿ!” ಅಂತ ಕಿರುಚಿದೆ. ನೀನು ನಮಗೆಲ್ಲ ಬೈದು ಬೈದು ಕಲಿಸಿದ ಪಾಠ.

ಹಾಕಿದರು. ಒಂದು ಚುಕ್ಕಿ ಇತ್ತು ಅಕ್ಕಾ. ವಿಶ್ವ ಇನ್ನೂ ಕೂಸಾಗಿದ್ದಾಗ ಸತ್ತ ನಕ್ಷತ್ರ. ಗಡಿಯಾರನೂ ಚಪ್ಪಾಳೆ ತಟ್ಟಿ, “ನಿಮ್ಮಕ್ಕ ಇರಬೇಕಿತ್ತು” ಅಂದ. ನಾನು ಹೊರಗೆ ಹೋಗಿ ಕಾಫಿ ಮೆಷಿನ್ನಿಗೆ ಒದ್ದೆ.

ಇರಬೇಕಿತ್ತಂತೆ! ಡಾಕ್ಟರು ಹೇಳಿದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು, ಇದೇ ಕ್ಯಾಂಟೀನಿನಲ್ಲಿ ನನ್ನೆದುರು ಕೂತು, ಎರಡು ತುತ್ತು ತಿಂದು ತಟ್ಟೆ ತಳ್ಳುತ್ತಿದ್ದೆಯಲ್ಲ, ಎಷ್ಟು ಧೈರ್ಯ ನಿಂಗೆ? ಯಾಕೆ ಮುಖ ಹೀಗೆ ಬಿಳುಚಿದೆ ಅಂತ ಕೇಳಿದ್ದಕ್ಕೆ “ಏನೂ ಇಲ್ಲ ಕಣೇ, ಬರೀ ಗ್ಯಾಸು” ಅಂದೆ.

ನಾನು ಸರಿ ಅಂತ ತಲೆಯಾಡಿಸಿ, ನಿನ್ನ ತಟ್ಟೆಯಲ್ಲಿ ಉಳಿದದ್ದನ್ನೂ ತಿಂದು, ಕೈ ತೊಳೆಯೋಕೆ ಎದ್ದೆ.