ಚರಗಕ್ಕೆ ಹೋದ ಅಣಬೆ

ಕುರ್ತಕೋಟಿ
ಎಳ್ಳ ಅಮಾವಾಸ್ಯೆಯ ಮರುದಿನ

ದೊಡ್ಡಮ್ಮ, ಫೋನಿನ ಮಾತು ನಿಮ್ಮ ಕಿವಿಗೆ ಕೇಳದು, ಅದಕ್ಕೇ ಈ ಕಾರ್ಡು. ನಿಮ್ಮ ಹತ್ತಿರ ಕಲಿತಂತೆ ಇಲ್ಲಿ ಜೋಳದ ಒಣದಂಟಿನ ಕಣಿಕೆ ತುಂಬಿದ ಚೀಲಗಳಲ್ಲಿ ಅಣಬೆ ಬೆಳೆದೆನಲ್ಲ, ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ. ನಮ್ಮತ್ತೆ, “ನಾಯಿಕೊಡಿ ಅದು, ವಿಷ! ನಿನ್ನ ಬೋಗುಣಿ ಒಳಗ ತರಬ್ಯಾಡ” ಎಂದು ನನ್ನ ಪಾತ್ರೆಯನ್ನೇ ದನದ ಕೊಟ್ಟಿಗೆಗೆ ಹಾಕಿದ್ದರು. ನಾನೂ ಬಿಡಲಿಲ್ಲ. ಅಲ್ಲೇ ಬೇಯಿಸಿ, ಎಲ್ಲರೆದುರೇ ಕೂತು ತಿನ್ನುತ್ತಿದ್ದೆ.

ನಿನ್ನೆ ಚರಗ. ಈ ಹಬ್ಬಕ್ಕೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಎಲ್ಲ ಅಡುಗೆಯನ್ನೂ ಚೂರುಚೂರು ಬೆಳೆಯೊಳಗೆ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತಾರೆ. ನನ್ನ ಅಣಬೆ ಡಬ್ಬಿ ಕಂಡು ಅತ್ತೆ, “ತಾಯಿಗೆ ಕೊಡದ್ದನ್ನ ಹೊಲದಾಗ ಉಣ್ಣಂಗಿಲ್ಲ” ಎಂದರು.

“ಹಂಗಾದ್ರ ಕೊಡ್ತೀನ್ರಿ” ಎಂದು ಒಂದು ಹಿಡಿ ಅಣಬೆ ಪಲ್ಯ ಕಡಲೆ ಸಾಲಿಗೆ ಚೆಲ್ಲಿಯೇಬಿಟ್ಟೆ.

ತಾಯಿ ಉಂಡ ಮೇಲೆ ಅದು ಪ್ರಸಾದ, ಬೇಡ ಎನ್ನುವಂತಿಲ್ಲ. ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಕಣ್ಣು ಮುಚ್ಚಿ, ರೊಟ್ಟಿಗೆ ಹಚ್ಚಿಕೊಂಡು ಒಂದು ತುತ್ತು ತಿಂದರು. ಇನ್ನೊಂದು ತಿಂದರು. “ಗುರೆಳ್ಳ ಪುಡಿ ಹಾಕಬೇಕಿತ್ತು” ಎನ್ನುತ್ತ ಡಬ್ಬಿಯನ್ನೇ ತಮ್ಮ ಕಡೆ ಎಳೆದುಕೊಂಡರು.

ನನಗೆ ಸ್ವಲ್ಪ ನೆಗಡಿ, ಬೇರೆಲ್ಲ ಆರಾಮ. ಅಣಬೆ ಬೀಜ ಮುಗಿದಿದೆ, ಕೂಡಲೇ ಕಳಿಸಿ. ಕಾರ್ಡೂ ತುಂಬಿತು. ಅತ್ತೆ ಒಳಗಿನಿಂದ, “ಬೋಗುಣಿ ಕಾದೈತಿ, ಜಲ್ದಿ ಬಾ!” ಎಂದು ಕೂಗುತ್ತಿದ್ದಾರೆ. ನನ್ನದೇ ಬೋಗುಣಿ, ಅವರ ಒಲೆಯ ಮೇಲೆ.

ವನಜಾ