ವಿಷ ಕುಡಿದವನ ಪಾತ್ರ

ಪುತ್ತಿಗೆ
ಫೆಬ್ರವರಿ ೨೦೦೦

ಕಮಲಾಕ್ಷಣ್ಣ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ.

ನಿಮ್ಮ ಟೈಲರ್ ಅಂಗಡಿಯ ಬೆಂಚಿನ ಮೇಲೆ ನಾವೊಂದು ಗ್ರೀಸ್ ದೇಶ ಕಟ್ಟಿಕೊಂಡಿದ್ದೆವು. ಊರಿಗೆ ಬಂದ ಕರಪತ್ರ ಓದುವುದು, ಗ್ರೀಕರ ಪಾತ್ರ ಹಂಚಿಕೊಂಡು ವಾದಕ್ಕೆ ಕೂರುವುದು. ನ್ಯಾಯವೆಂದರೆ ಬಲವಿದ್ದವನಿಗೆ ಅನುಕೂಲವಾದದ್ದು, ಅಷ್ಟೇ ಎನ್ನುವ ಮುಂಗೋಪಿಯ ಪಾತ್ರ ಪ್ರತಿ ಸಲವೂ ನನಗೆ. ವಿಷ ಕುಡಿದು ಸತ್ತ ಸಾಕ್ರಟೀಸ್ ನೀವು. “ಒಮ್ಮೆ ಬದಲಾಯಿಸುವ ಅಣ್ಣಾ” ಅಂದರೆ, “ಉನೈಸ್, ನಿನಗೆ ಬೊಬ್ಬೆ ಹೊಡೀಲಿಕ್ಕೆ ಬರ್ತದೆ, ಸೋಲ್ಲಿಕ್ಕೂ ಬರ್ತದೆ. ಮತ್ತೆಂತ ಬೇಕು ಮಾರಾಯ?” ಎಂದು ನಗುತ್ತಿದ್ದಿರಿ. ಸೋತು ಮನೆಗೆ ಹೋಗುವುದು ನನಗೂ ಖುಷಿಯೇ. ನೀವು ಗೆದ್ದರೆ ನ್ಯಾಯ ಗೆದ್ದಂತೆ ಅಂದುಕೊಂಡಿದ್ದೆ.

ಮಹಿಳೆಗೆ ಮೀಸಲಾದ ನಮ್ಮ ಪಂಚಾಯತ್ ವಾರ್ಡಿಗೆ ಬೀಡಿ ಕಟ್ಟುವ ಕಾಂತಿಯಕ್ಕನನ್ನು ನಿಲ್ಲಿಸುವ ಅಂದದ್ದೂ ನೀವೇ. “ನಿಮ್ಮ ಗ್ರೀಸಿನವರಿಗೆ ನಮ್ಮ ಬಾವಿ ಬತ್ತಿದ್ದು ಗೊತ್ತುಂಟಾ?” ಎಂದು ತಮಾಷೆ ಮಾಡುತ್ತಲೇ ಅವರು ಒಪ್ಪಿದರು. ನಾಮಪತ್ರಕ್ಕೆ ಸೂಚಕನಾಗಿ ನಾನು ಸಹಿ ಹಾಕಿದೆ. ಎದುರಿಗಿದ್ದದ್ದು ಊರಿನ ದೊಡ್ಡಮನೆಯಾದ ಗುತ್ತಿನ ಸೊಸೆ ಸ್ವರ್ಣಲತಾ ಒಬ್ಬರೇ.

ನಾಮಪತ್ರ ಹಿಂತೆಗೆಯುವ ದಿನ ನನಗೆ ಹೇಳದೆ ಕಾಂತಿಯಕ್ಕನ ಜಗಲಿಗೆ ಹೋದಿರಿ. “ದೋಣಿ ನಡೆಸ್ಲಿಕ್ಕೆ ಗಾಳಿ, ನಕ್ಷತ್ರ ಗೊತ್ತಿದ್ದವರೇ ಆಗ್ಬೇಕು ಕಾಂತಿ. ಕೂತವರೆಲ್ಲ ಕೈಯೆತ್ತಿದ್ರೆ ದೋಣಿ ಹೋಗ್ತದಾ? ಗಲಾಟೆ ಬೇಡ, ಅವಿರೋಧ ಆಗ್ಲಿ” ಅಂದಿರಂತೆ. ಗುತ್ತಿನವರ ಜಾಗದಲ್ಲಿ ಮನೆ ಕಟ್ಟಿಕೊಂಡವರು ಅವರು. ಹೋಗಿ ನಾಮಪತ್ರ ಹಿಂತೆಗೆದು ಬಂದರು. ಸಂಜೆ ಗುತ್ತಿನಲ್ಲಿ ಪಟಾಕಿ ಸಿಡಿಯಿತು.

ದೋಣಿಯ ಮಾತು ಸಾಕ್ರಟೀಸನದೇ, ನನಗೆ ಗೊತ್ತು. ಕಲಿಸಿದವರು ನೀವು. ಉರಿಯುವುದು ಅದಕ್ಕೇ. ಗುತ್ತಿನವರೇ ಬಂದು ಹೆದರಿಸಿದ್ದರೆ ನಾಲ್ಕು ಬೊಬ್ಬೆ ಹೊಡೆದು ಮಲಗಿಬಿಡುತ್ತಿದ್ದೆ. ನೀವು ಆ ಮುದುಕ ಸಾಕ್ರಟೀಸನ ಬಾಯಿಂದಲೇ ಬಲವಿದ್ದವನ ಕೆಲಸ ಮಾಡಿಸಿದಿರಿ.

ಅವಿರೋಧ. ಎಷ್ಟು ಸಭ್ಯವಾದ ಪದ! ಸಾಕ್ರಟೀಸನನ್ನು ಕೊಂದದ್ದು ಬಹುಮತ ಎಂದು ಹೇಳುವಾಗ ನಿಮ್ಮ ಕಣ್ಣು ತುಂಬುತ್ತಿತ್ತು. ಸರಿ, ಬಹುಮತವೇ ಕೊಂದಿತು. ಆದರೆ ಅವನನ್ನು ಎದ್ದು ನಿಂತು ಮಾತಾಡಲು ಬಿಟ್ಟು, ಆಮೇಲೆ ಓಟು ಎಣಿಸಿದರು. ಕಾಂತಿಯಕ್ಕನನ್ನು ನೀವು ಸೋಲಲೂ ಬಿಡಲಿಲ್ಲ.

ನಿನ್ನೆ ಬೀಡಿ ಎಲೆ ಕತ್ತರಿಸುತ್ತಾ ಅವರು ಕೇಳಿದರು: “ನನಗೆ ಎಷ್ಟು ಓಟು ಬೀಳ್ತಿತ್ತು ಉನೈಸ್?”

ಆ ಲೆಕ್ಕ ಇನ್ನು ಯಾರಲ್ಲಿಯೂ ಇರುವುದಿಲ್ಲ.

ಬೆಂಚಿಗೆ ನಾನು ಬರುವುದಿಲ್ಲ ಅಣ್ಣಾ. ಮುಂಗೋಪಿಯ ಪಾತ್ರ ನೀವೇ ಇಟ್ಟುಕೊಳ್ಳಿ, ನನಗಿಂತ ಚೆನ್ನಾಗಿ ಆಡಿದ್ದೀರಿ, ಬೊಬ್ಬೆಯೂ ಇಲ್ಲದೆ. ವಿಷ ಕುಡಿದವನ ಪಾತ್ರ ಖಾಲಿ ಉಂಟು.

ನಿಮ್ಮ ದೋಣಿ ಸುಖವಾಗಿ ದಡ ಸೇರಲಿ. ನಾವು ಇಳಿದೆವು.

ನಿಮ್ಮಿಂದ ಸೋಲಲು ಕಲಿತ,
ಉನೈಸ್