ಮುಚ್ಚಳದ ಕೆಳಗಿನ ಏಳು ಚೀಟಿಗಳು

ಉದ್ಯೋಗ ಮರುಪ್ರವೇಶ ಯೋಜನೆಯ ನಿರ್ದೇಶಕರಿಗೆ,

ಮಾನ್ಯರೇ, ನನಗೆ ಕೆಲಸ ಸಿಕ್ಕಿದೆ ಎಂಬ ಸುದ್ದಿ ನಿಮ್ಮ ಕಚೇರಿಯ ಗೋಡೆಯ ಮೇಲಿನ ಫಲಕದಿಂದ ತಿಳಿಯಿತು. ‘ಉದ್ಯೋಗಕ್ಕೆ ಮರಳಿದವರು’ ಎಂಬ ದಪ್ಪಕ್ಷರದ ಕೆಳಗೆ, ಎರಡನೆಯ ಸಾಲಿನಲ್ಲಿ ನನ್ನ ಭಾವಚಿತ್ರವಿದೆ. ಅರ್ಜಿಗೆ ಅಂಟಿಸಿದ್ದ ಅದೇ ಚಿತ್ರ. ಇಷ್ಟು ಒಳ್ಳೆಯ ಸುದ್ದಿಯನ್ನು ಎಲ್ಲರಿಗೂ ತಿಳಿಸಿ ಕೊನೆಗೆ ನನಗೆ ತಿಳಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಆ ಕೆಲಸ ಎಲ್ಲಿದೆ? ನಿಮ್ಮ ಕಚೇರಿಯ ನಾಲ್ಕು ಮೇಜುಗಳಲ್ಲಿ ವಿಚಾರಿಸಿದೆ, ಯಾರಿಗೂ ಗೊತ್ತಿಲ್ಲ. ಕೆಲಸ ಸಿಕ್ಕಿತೆಂದು ನನ್ನನ್ನು ಯೋಜನೆಯಿಂದ ಹೊರಗೆ ಹಾಕಿದ್ದೀರಿ. ಯೋಜನೆಯಲ್ಲಿ ಇಲ್ಲವೆಂದು, ನಿಜವಾಗಿ ಸಿಗಬಹುದಾಗಿದ್ದ ಒಂದೇ ಒಂದು ಕೆಲಸವೂ ಈಗ ಕೈತಪ್ಪುತ್ತಿದೆ.

ನಾನು ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ಇಪ್ಪತ್ತೆಂಟು ವರ್ಷ ಒಂದೇ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿದೆ. ಅದು ಬಾಗಿಲು ಹಾಕಿ ನಾಲ್ಕು ವರ್ಷವಾಯಿತು. ನನಗೀಗ ಐವತ್ತೆರಡು. ಅರ್ಜಿ ಹಿಡಿದು ಹೋದ ಕಡೆಯೆಲ್ಲ ಮೊದಲು ವಯಸ್ಸು ಕೇಳುತ್ತಾರೆ, ಆಮೇಲೆ ‘ಈ ನಾಲ್ಕು ವರ್ಷ ಏನ್ಮಾಡ್ತಿದ್ರಿ’ ಎನ್ನುತ್ತಾರೆ. ಕೆಲಸ ಹುಡುಕುತ್ತಿದ್ದೆ ಎಂದರೆ ಅದು ಅನುಭವದ ಲೆಕ್ಕಕ್ಕೆ ಬರುವುದಿಲ್ಲವಂತೆ. ಹೀಗೆ ಅಲೆದು ಚಪ್ಪಲಿ ಸವೆಸಿದ ಮೇಲೆಯೇ ನಿಮ್ಮ ಯೋಜನೆಯ ಬಾಗಿಲಿಗೆ ಬಂದದ್ದು. ಎರಡು ವರ್ಷ ಒಂದು ದಿನವೂ ಬಿಡದಂತೆ ನಿರುದ್ಯೋಗಿಯಾಗಿದ್ದವರಿಗೆ ಮಾತ್ರ ಪ್ರವೇಶ ಎಂದು ಅಲ್ಲಿ ಬರೆದಿತ್ತು. ಜೀವನದಲ್ಲಿ ಮೊದಲ ಸಲ ನನಗೊಂದು ಅರ್ಹತೆ ಬೇಕಾದದ್ದಕ್ಕಿಂತ ದುಪ್ಪಟ್ಟು ಇತ್ತು.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಕಸುಬಿನ ಒಂದು ಅಭ್ಯಾಸ ತಮಗೆ ಗೊತ್ತಿರಬೇಕು. ಯಂತ್ರ ರಿಪೇರಿ ಮಾಡಿದ ಮೇಲೆ ಅದರ ತಳದ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸುತ್ತೇವೆ. ಅದರಲ್ಲಿ ದಿನಾಂಕ, ಏನು ಕೆಟ್ಟಿತ್ತು, ಏನು ಮಾಡಿದೆ, ಮುಂದಿನ ಎಣ್ಣೆ ಯಾವಾಗ ಎಂದೆಲ್ಲ ಬರೆದು ಕೆಳಗೆ ಸಹಿ ಹಾಕುತ್ತೇವೆ. ನಾಳೆ ಆ ಯಂತ್ರವನ್ನು ಬಿಚ್ಚುವ ಇನ್ನೊಬ್ಬ ಮೆಕ್ಯಾನಿಕ್ ಕತ್ತಲೆಯಲ್ಲಿ ತಡಕಾಡಬಾರದು, ಅಷ್ಟೇ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಚೀಟಿಯಿಲ್ಲದ ಯಂತ್ರವನ್ನು ಹೊಲಿಯುವವರ ಕೈಗೆ ಕೊಡಲು ಬಿಡುತ್ತಿರಲಿಲ್ಲ. ‘ಸಹಿ ಹಾಕೋಕೆ ನಾಚಿಕೆ ಆಗೋ ಕೆಲಸ ಮಾಡ್ಬೇಡ, ಮಾಡಿದ್ ಮೇಲೆ ಸಹಿ ಹಾಕೋಕೆ ಹೆದರಬೇಡ’ ಅನ್ನುತ್ತಿದ್ದರು. ಪಾಪ, ಅವರ ಕಾಲದಲ್ಲಿ ನಿಮ್ಮ ಯೋಜನೆ ಇರಲಿಲ್ಲ.

ನಿಮ್ಮ ತರಬೇತಿಯ ಬಗ್ಗೆ ಎರಡು ಒಳ್ಳೆಯ ಮಾತು ಹೇಳಲೇಬೇಕು. ಆರು ವಾರ ನಮಗೆ ಆತ್ಮವಿಶ್ವಾಸ ಕಲಿಸಲಾಯಿತು. ಕುರ್ಚಿಯಲ್ಲಿ ಹೇಗೆ ಕೂರಬೇಕು, ಕೈ ಎಷ್ಟು ಬಿಗಿಯಾಗಿ ಕುಲುಕಬೇಕು, ನಗುವಾಗ ಹಲ್ಲು ಎಷ್ಟು ಕಾಣಬೇಕು ಎಂಬುದನ್ನೆಲ್ಲ ಗೋಡೆಯ ಕನ್ನಡಿಯ ಮುಂದೆ ಸಾಲಾಗಿ ನಿಂತು ಅಭ್ಯಾಸ ಮಾಡಿದೆವು. ನನ್ನ ಪಕ್ಕದಲ್ಲಿ ನಿಂತಿದ್ದವರು ಮೂವತ್ತು ವರ್ಷ ಬಸ್ ಓಡಿಸಿದ ಚಾಲಕರು. ನಕ್ಕರೆ ಹೆದರಿಕೆಯಾಗುತ್ತದೆ, ಸ್ವಲ್ಪ ಕಡಿಮೆ ನಗಿ ಎಂದು ಅವರಿಗೆ ಹೇಳಲಾಯಿತು. ಪಾಠ ಮಾಡುತ್ತಿದ್ದ ಹುಡುಗಿಗೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಒಳ್ಳೆಯವಳು. ‘ನಿಮ್ಮ ಐದು ಸಾಮರ್ಥ್ಯಗಳು’ ಬರೆಯಿರಿ ಎಂದಾಗ ನಾನು ಹಾಳೆಯ ತುಂಬ ಯಂತ್ರಗಳ ಮಾದರಿ ಬರೆದಿದ್ದೆ. ಇವೆಲ್ಲ ಬೇಡ ಸರ್, ತಾಳ್ಮೆ, ಹೊಂದಾಣಿಕೆ, ಹಾಗೇನಾದರೂ ಬರೆಯಿರಿ ಎಂದಳು. ಬರೆದೆ. ಈ ಪತ್ರ ಓದುವ ಹೊತ್ತಿಗೆ ಮೊದಲನೆಯದು ಸುಳ್ಳೆಂದು ತಮಗೆ ಗೊತ್ತಾಗಿರುತ್ತದೆ.

ನಮ್ಮ ಕೊಠಡಿಯ ಗೋಡೆಯಾಚೆಗೆ ನಿಮ್ಮದೇ ಹೊಲಿಗೆ ತರಬೇತಿ ನಡೆಯುತ್ತಿತ್ತು. ಹನ್ನೆರಡು ಯಂತ್ರ, ಇಪ್ಪತ್ತು ಹೆಂಗಸರು. ಯಂತ್ರಗಳಲ್ಲಿ ಏಳು ಕೆಟ್ಟಿದ್ದವು. ಇದು ನನಗೆ ಯಾರೂ ಹೇಳಿದ್ದಲ್ಲ. ಇಲ್ಲಿ ನಗುವುದನ್ನು ಕಲಿಯುತ್ತಾ, ಅಲ್ಲಿ ದಾರ ಕಡಿಯುವುದನ್ನು, ಸೂಜಿ ತಳಕ್ಕೆ ಬಡಿಯುವುದನ್ನು ಕಿವಿಯಲ್ಲೇ ಎಣಿಸುತ್ತಿದ್ದೆ. ಮೂರನೆಯ ದಿನಕ್ಕೆ ತಡೆಯಲಾಗಲಿಲ್ಲ. ಚಹಾ ವಿರಾಮದಲ್ಲಿ ಹೋಗಿ ಹೊಲಿಗೆ ಟೀಚರನ್ನು ಕೇಳಿದೆ. ರಿಪೇರಿಗೆ ಬರೆದು ಹನ್ನೊಂದು ತಿಂಗಳಾಯಿತು, ಯಾರೂ ಬಂದಿಲ್ಲ ಎಂದರು ಆಕೆ. ಮರುದಿನ ಮನೆಯಿಂದ ನನ್ನ ಚೀಲ ತಂದೆ. ಮೂರು ವಾರ, ದಿನಕ್ಕೆ ಇಪ್ಪತ್ತು ನಿಮಿಷ. ಒಂದರ ಬೆಲ್ಟ್ ಬಿಗಿ ಮಾಡಿದೆ, ಒಂದಕ್ಕೆ ಹಳೆಯ ಯಂತ್ರದಿಂದ ದಾರ ಹಿಡಿಯುವ ಹುಕ್ ತೆಗೆದು ಕೂರಿಸಿದೆ. ಉಳಿದವುಗಳ ಹೊಟ್ಟೆಯಲ್ಲಿದ್ದ ದಾರದ ಕಸ ತೆಗೆದು ಎಣ್ಣೆ ಬಿಟ್ಟರೆ ಸಾಕಾಯಿತು. ಏಳೂ ಓಡಿದವು. ಯಾರೂ ನನಗೆ ಏನೂ ಕೊಡಲಿಲ್ಲ, ನಾನು ಕೇಳಲೂ ಇಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾಲ್ಕು ವರ್ಷದಲ್ಲಿ ನಾನು ಅಷ್ಟು ಸಂತೋಷವಾಗಿ ಇದ್ದದ್ದೇ ಇಲ್ಲ. ಅಭ್ಯಾಸಬಲದಿಂದ ಏಳು ಮುಚ್ಚಳದ ಕೆಳಗೆ ಏಳು ಚೀಟಿ ಅಂಟಿಸಿದೆ.

ಐದನೆಯ ವಾರ ನಿಮ್ಮ ಪರಿಶೀಲಕರು ಯಂತ್ರಗಳ ಸ್ಥಿತಿ ನೋಡಲು ಬಂದರು. ಮುಚ್ಚಳ ಎತ್ತಿದರು, ಚೀಟಿ ಓದಿದರು. ಈ ಸಹಿ ಯಾರದ್ದು ಎಂದು ಎರಡೂ ಕೊಠಡಿಗೆ ಕೇಳುವಂತೆ ವಿಚಾರಿಸಿದರು. ನಾನೆಂಥ ಪೆದ್ದ ನೋಡಿ. ನೀವೇ ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಬೇಕಾದಷ್ಟೇ ಹಲ್ಲು ಕಾಣುವಂತೆ ನಕ್ಕು, ‘ನಂದೇ ಸರ್’ ಎಂದೆ. ಬೆನ್ನು ತಟ್ಟುತ್ತಾರೆ ಅಂದುಕೊಂಡಿದ್ದೆ. ಅವರು ಚೀಟಿಗಳ ಫೋಟೋ ತೆಗೆದುಕೊಂಡು ಹೋದರು. ಹತ್ತು ದಿನಕ್ಕೆ ಆ ಫಲಕದಲ್ಲಿ ನನ್ನ ಚಿತ್ರ ಕಂಡೆ, ಅದರ ಹಿಂದೆಯೇ ಪತ್ರ ಬಂತು. ತಾವು ತರಬೇತಿಯ ಅವಧಿಯಲ್ಲಿ ಏಳು ಬಾರಿ ವೃತ್ತಿಯಲ್ಲಿ ತೊಡಗಿದ್ದು ತಮ್ಮ ಸಹಿಯಿಂದಲೇ ದೃಢಪಟ್ಟಿದೆ, ಆದ್ದರಿಂದ ತಮ್ಮನ್ನು ಉದ್ಯೋಗಸ್ಥರೆಂದು ಪರಿಗಣಿಸಿ ನೋಂದಣಿ ಮುಕ್ತಾಯಗೊಳಿಸಲಾಗಿದೆ, ಅಭಿನಂದನೆಗಳು. ಆ ಕೊನೆಯ ಪದವನ್ನು ಯಾರು ಬರೆದರು, ಮಾನ್ಯರೇ? ಬರೆಯುವಾಗ ಅವರ ಮುಖ ಹೇಗಿತ್ತು?

ಕಚೇರಿಗೆ ಓಡಿದೆ. ಎರಡನೆಯ ಮೇಜಿನ ಗುಮಾಸ್ತರು ಸಮಾಧಾನವಾಗಿಯೇ ಹೇಳಿದರು. ಇದೇನು ದೊಡ್ಡ ವಿಷಯವಲ್ಲ, ನಿಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಿದ ಪತ್ರವನ್ನು ಮಾಲೀಕರಿಂದ ತನ್ನಿ, ಮತ್ತೆ ನಿರುದ್ಯೋಗಿ ಅಂತ ಬರೆದುಕೊಳ್ಳುತ್ತೇವೆ ಎಂದರು. ಮಾಲೀಕರು ಯಾರು ಎಂದೆ. ಯಂತ್ರ ಯಾರದ್ದೋ ಅವರೇ ಎಂದರು. ಯಂತ್ರ ತರಬೇತಿ ಕೇಂದ್ರದ್ದು. ಕೇಂದ್ರದ ಮುಖ್ಯಸ್ಥರಲ್ಲಿಗೆ ಹೋದೆ. ‘ನಿಮ್ಮನ್ನ ಕೆಲಸಕ್ಕೇ ತಗೊಂಡಿಲ್ಲ, ಬಿಡುಗಡೆ ಪತ್ರ ಎಲ್ಲಿಂದ ಕೊಡ್ಲಿ?’ ಎಂದರು. ಹಾಗಾದರೆ ಕೆಲಸಕ್ಕೆ ತೆಗೆದುಕೊಂಡಿಲ್ಲ ಎಂದೇ ಬರೆದುಕೊಡಿ ಎಂದೆ. ನಡೆಯದೇ ಇದ್ದದ್ದನ್ನು ಬರೆದುಕೊಡಲು ತಮ್ಮಲ್ಲಿ ನಮೂನೆಯಿಲ್ಲ ಎಂದರು. ಅವರ ಮಾತೂ ಸರಿ, ಗುಮಾಸ್ತರ ಮಾತೂ ಸರಿ. ಎರಡು ಸರಿಗಳ ನಡುವೆ ಸಿಕ್ಕಿಬಿದ್ದವನು ನಾನೊಬ್ಬನೇ. ಎರಡು ತಿಂಗಳಲ್ಲಿ ಆ ಎರಡು ಕಟ್ಟಡಗಳ ನಡುವೆ ಎಷ್ಟು ಸಲ ನಡೆದಿದ್ದೇನೆಂದರೆ ರಸ್ತೆಯ ನಾಯಿ ಕೂಡ ನನ್ನನ್ನು ಕಂಡರೆ ಬೊಗಳುವುದನ್ನು ಬಿಟ್ಟಿದೆ.

ಮನೆಯ ಕಥೆ ಕೇಳಿ. ನನ್ನ ಹೆಂಡತಿ ಹಾಸ್ಟೆಲ್ ಒಂದರಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಾಳೆ. ಫಲಕದ ವಿಷಯ ಅಕ್ಕಪಕ್ಕದವರಿಂದ ಅವಳಿಗೆ ತಿಳಿದು, ಕೆಲಸ ಸಿಕ್ಕಿದ್ದನ್ನು ನಾನು ಅವಳಿಂದಲೇ ಮುಚ್ಚಿಟ್ಟಿದ್ದೇನೆಂದು ಎರಡು ದಿನ ಮಾತು ಬಿಟ್ಟಿದ್ದಳು. ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಗೆಳೆಯನನ್ನು ನಾವೆಲ್ಲ ಕತ್ತರಿ ಎಂದೇ ಕರೆಯುತ್ತಿದ್ದೆವು. ಅವನು ಫೋನ್ ಮಾಡಿ, ಅಲ್ಲಿ ನನಗೂ ಏನಾದರೂ ಇದ್ದರೆ ಒಂದು ಮಾತು ಹೇಳು ಎಂದು ಅಂಗಲಾಚಿದ. ಇಲ್ಲ ಕಣೋ, ಕೆಲಸವೇ ಇಲ್ಲ ಎಂದೆ. ‘ನಿಂಗೆ ಸಿಕ್ಕಿದ್ ಮೇಲೆ ಹಂಗೇ ಅಂತೀಯ ಬಿಡು’ ಎಂದು ಫೋನಿಟ್ಟ. ಆಮೇಲೆ ಅವನು ಕರೆ ಮಾಡಿಲ್ಲ. ಇಪ್ಪತ್ತು ವರ್ಷದ ಸ್ನೇಹವನ್ನು ನಿಮ್ಮ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ ನುಂಗಿತು.

ಇಷ್ಟೂ ಸಹಿಸಿಕೊಳ್ಳುತ್ತಿದ್ದೆ. ಆದರೆ ನಮ್ಮ ಊರಿನ ದೊಡ್ಡ ಆಸ್ಪತ್ರೆಯ ಹೊಲಿಗೆ ವಿಭಾಗಕ್ಕೆ ಒಬ್ಬ ಮೆಕ್ಯಾನಿಕ್ ಬೇಕಾಗಿದ್ದಾನೆ. ಹಾಸಿಗೆಯ ಹೊದಿಕೆ, ರೋಗಿಗಳ ಅಂಗಿ ಹೊಲಿಯುವ ಹದಿನಾರು ಯಂತ್ರಗಳಿವೆ. ಕಿಟಕಿಯಿಂದ ಇಣುಕಿ ನೋಡಿ ಬಂದೆ, ಅಷ್ಟೂ ನನಗೆ ಗೊತ್ತಿರುವ ಮಾದರಿಗಳೇ. ವಯಸ್ಸಿನ ಮಿತಿಯೂ ಇಲ್ಲ. ಹುದ್ದೆ ಮೀಸಲಿರುವುದು ನಿಮ್ಮ ಯೋಜನೆಯಲ್ಲಿ ಹೆಸರಿರುವ ದೀರ್ಘಕಾಲದ ನಿರುದ್ಯೋಗಿಗಳಿಗೆ. ಅರ್ಜಿಗೆ ಈ ತಿಂಗಳ ಕೊನೆಯೇ ಗಡುವು. ಆ ಬಿಡುಗಡೆ ಪತ್ರವಿಲ್ಲದೆ ನಾನು ಮತ್ತೆ ನಿರುದ್ಯೋಗಿ ಎನಿಸಿಕೊಳ್ಳಬೇಕಾದರೆ ಇವತ್ತಿನಿಂದ ಇನ್ನೆರಡು ವರ್ಷ ಕೈಕಟ್ಟಿ ಕೂರಬೇಕಂತೆ. ಯಾವ ಯಂತ್ರವನ್ನೂ ಮುಟ್ಟದೆ.

ನಿನ್ನೆ ಹೊಲಿಗೆ ಟೀಚರ್ ಫೋನ್ ಮಾಡಿದ್ದರು. ನಾಲ್ಕನೆಯ ಯಂತ್ರ ಮತ್ತೆ ದಾರ ಕಡಿಯುತ್ತಿದೆ. ಆ ಮುಚ್ಚಳದ ಕೆಳಗೆ ಮುಂದಿನ ಎಣ್ಣೆಯ ದಿನಾಂಕವನ್ನು ನಾನೇ ಬರೆದಿದ್ದೆ, ಅದು ದಾಟಿ ವಾರವಾಯಿತು. ಆಕೆ ದನಿ ತಗ್ಗಿಸಿ, ‘ಬಂದು ನೋಡ್ಕೊಂಡ್ ಹೋಗಿ ಅಣ್ಣ, ಈ ಸಲ ಚೀಟಿ ಮಾತ್ರ ಅಂಟಿಸ್ಬೇಡಿ, ಯಾರಿಗೂ ಗೊತ್ತಾಗಲ್ಲ’ ಎಂದರು. ನನ್ನ ಚೀಲ ಮಂಚದ ಕೆಳಗೇ ಇತ್ತು. ಹತ್ತು ನಿಮಿಷದ ಕೆಲಸ. ಬರಲ್ಲಮ್ಮ ಎಂದೆ. ಮೂವತ್ತೆರಡು ವರ್ಷದಲ್ಲಿ ಕೆಟ್ಟ ಯಂತ್ರವೊಂದಕ್ಕೆ ನಾನು ಬರಲ್ಲ ಅಂದದ್ದು ಅದೇ ಮೊದಲು. ಫೋನಿಟ್ಟು ಚೀಲವನ್ನು ಮಂಚದ ಕೆಳಗೆ ಇನ್ನೂ ಒಳಕ್ಕೆ ತಳ್ಳಿದೆ. ಅಳು ಬಂತು. ಜನರನ್ನು ಕೆಲಸಕ್ಕೆ ಮರಳಿಸುವ ನಿಮ್ಮ ಯೋಜನೆ ಕೊನೆಗೂ ನನಗೆ ಕಲಿಸಿದ್ದು ಇದನ್ನೇ, ಮಾನ್ಯರೇ.

ನನ್ನ ಮಗಳು ಕಾಲೇಜಿನ ಅರ್ಜಿ ತುಂಬುತ್ತಿದ್ದಾಳೆ. ‘ತಂದೆಯ ಉದ್ಯೋಗ’ ಎಂಬ ಜಾಗದಲ್ಲಿ ಪೆನ್ನು ನಿಲ್ಲಿಸಿ, ‘ಅಪ್ಪ, ಇಲ್ಲಿ ಏನ್ ಬರೀಲಿ?’ ಎಂದು ಮೂರು ದಿನದಿಂದ ಕೇಳುತ್ತಿದ್ದಾಳೆ. ಉತ್ತರ ನಿಮ್ಮ ಬಳಿ ಇದೆ. ಈ ತಿಂಗಳು ಮುಗಿಯುವುದರೊಳಗೆ ಎರಡರಲ್ಲಿ ಒಂದನ್ನು ಮಾಡಿ. ನನ್ನ ನೋಂದಣಿಯನ್ನು ಮತ್ತೆ ತೆರೆದು ಆಸ್ಪತ್ರೆಗೆ ಅರ್ಜಿ ಹಾಕಲು ಬಿಡಿ. ಇಲ್ಲವೇ ನೀವು ನನಗೆ ಕೊಡಿಸಿದ ಕೆಲಸದ ವಿಳಾಸ ಕಳಿಸಿ. ಬೆಳಿಗ್ಗೆ ಎಷ್ಟು ಗಂಟೆಗೆ ಬರಬೇಕೆಂದೂ ತಿಳಿಸಿ. ನಾನು ಯಾವತ್ತೂ ತಡವಾಗಿ ಹೋದವನಲ್ಲ.

ಇಂತಿ,
ನಿಮ್ಮ ಫಲಕದಲ್ಲಿ ಕೆಲಸಕ್ಕೆ ಹೋಗಿ, ಸಂಜೆ ಐದಾದರೂ ಇನ್ನೂ ಮನೆಯಿಂದ ಹೊರಡದ
ಹೊಲಿಗೆ ಯಂತ್ರದ ಮೆಕ್ಯಾನಿಕ್
(ಸಹಿ ಹಾಕಿದ್ದೇನೆ. ಇದನ್ನೂ ಕೆಲಸವೆಂದು ಬರೆದುಕೊಳ್ಳಬೇಡಿ.)